ಬರವಣಿಗೆ ಕಲಿಸುವ ಆ್ಯಪ್, ಪುಸ್ತಕ: ವಿಮರ್ಶೆ ಬರೆಯುವುದು ಹೇಗೆ?

ಇಂಥ ವಿಮರ್ಶೆಗಳಲ್ಲಿ ಹೆಚ್ಚಿನವು ಜಾಹೀರಾತಿನ ನಕಲು. ಸೌಲಭ್ಯಗಳ ಪಟ್ಟಿ, ನಾಲ್ಕು ನಕ್ಷತ್ರ, ಮುಗಿಯಿತು. ಮೇಷ್ಟರಿಗೆ ಬೇಕಿರುವುದು ಒಂದೇ: ಬರೆದದ್ದನ್ನು ತಿದ್ದಿ ಮತ್ತೆ ಬರೆಸಲು ಇದು ಒದಗುತ್ತದೆಯೇ?

ಮೊದಲು ಆ್ಯಪ್. ಅದರಲ್ಲಿ ಎರಡು ಖಾತೆ ತೆರೆಯಿರಿ, ಶಿಕ್ಷಕರದೊಂದು, ವಿದ್ಯಾರ್ಥಿಯದೊಂದು. ವಿದ್ಯಾರ್ಥಿಯದನ್ನು ಫೋನಿನಲ್ಲೇ ನೋಡಿ.

ಎಲ್ಲರೂ ಹಾರಿಸುವ ಹಂತ ಎರಡನೇ ಕರಡು. ವಿದ್ಯಾರ್ಥಿ ಖಾತೆಯಲ್ಲಿ 300 ಪದಗಳ ಪ್ರಬಂಧ ಟೈಪ್ ಮಾಡಿ. ಬೇರೆಡೆಯಿಂದ ಪೇಸ್ಟ್ ಮಾಡಿದರೆ ಆವೃತ್ತಿಗಳ ಇತಿಹಾಸದಲ್ಲಿ (ಯಾವಾಗ ಏನು ಬರೆದರು, ತಿದ್ದಿದರು ಎಂಬ ದಾಖಲೆಯಲ್ಲಿ) ಇಡೀ ಪ್ರಬಂಧ ಒಂದೇ ಏಟಿಗೆ ಬಂದು ಕೂರುತ್ತದೆ; ಪರೀಕ್ಷಿಸಲು ಏನೂ ಉಳಿಯದು. ಶಿಕ್ಷಕರ ಖಾತೆಯಿಂದ ಐದು ಟಿಪ್ಪಣಿ ಹಾಕಿ: ಎರಡು ಕಾಗುಣಿತಕ್ಕೆ, ಮೂರು 'ಇದಕ್ಕೆ ಉದಾಹರಣೆ ಎಲ್ಲಿ?' ಎಂಬಂಥವು. ಈಗ ವಿದ್ಯಾರ್ಥಿಯಾಗಿ, ಟಿಪ್ಪಣಿ ಇರುವ ಸಾಲೊಂದನ್ನು ಪೂರ್ತಿ ಅಳಿಸಿ ಹೊಸದು ಬರೆಯಿರಿ. ಟಿಪ್ಪಣಿ ಎಲ್ಲಿ ಹೋಯಿತು? ಗೂಗಲ್ ಡಾಕ್ಸ್‌ನಲ್ಲಿ ಅಂಚಿನಿಂದ ಮರೆಯಾದರೂ ಟಿಪ್ಪಣಿಗಳ ಇತಿಹಾಸದಲ್ಲಿ ಸಿಗುತ್ತದೆ. ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ (ತಿದ್ದಿದ್ದನ್ನೆಲ್ಲ ಗುರುತಿಟ್ಟು ತೋರಿಸುವ ಸೌಲಭ್ಯ) ಆನ್ ಇಲ್ಲದಿದ್ದರೆ ಸಾಲಿನ ಜತೆಗೇ ಅಳಿದುಹೋಗುತ್ತದೆ. ಅಂದರೆ ಧೈರ್ಯವಾಗಿ ತಿದ್ದಿದವರ ಪುಟದಲ್ಲೇ ಮೇಷ್ಟರ ಮಾತು ಉಳಿಯುವುದಿಲ್ಲ. ಇದನ್ನು ವಿಮರ್ಶೆಯ ಮೊದಲ ಪ್ಯಾರಾದಲ್ಲೇ ಬರೆಯಿರಿ.

ತಾನೇ ಅಂಕ ಕೊಡುತ್ತೇನೆನ್ನುವ ಆ್ಯಪ್‌ಗೆ ಅದೇ ಪ್ರಬಂಧದ ಪ್ಯಾರಾಗಳನ್ನು ಹಿಂದುಮುಂದಾಗಿಸಿ ಕೊಡಿ. ಅಂಕ ಬದಲಾಗಲಿಲ್ಲವೇ? ಹಾಗಿದ್ದರೆ ಅದು ವಾದದ ಸರಣಿಯನ್ನು ನೋಡುತ್ತಲೇ ಇಲ್ಲ. 'ಎಐ ಬರೆದದ್ದನ್ನು ಹಿಡಿಯುತ್ತೇವೆ' ಎನ್ನುವ ಸಾಧನಗಳನ್ನಂತೂ ಶಿಫಾರಸು ಮಾಡಲೇಬೇಡಿ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ನಿಲ್ಲಿಸಿತು.

ಕೊನೆಗೆ ಕಡತವನ್ನು ಪಿಡಿಎಫ್ ಆಗಿ ಇಳಿಸಿಕೊಂಡು ಒತ್ತಕ್ಷರ, ಅರ್ಕಾವತ್ತು ಸರಿಯಿವೆಯೇ ನೋಡಿ. ಅದರಿಂದ ಒಂದು ಸಾಲು ನಕಲಿಸಿ ಬೇರೆಡೆ ಅಂಟಿಸಿಯೂ ನೋಡಿ. ಕಣ್ಣಿಗೆ ಸರಿಯಾಗಿದ್ದದ್ದು ಅಲ್ಲಿ ಚೂರಾಗುವುದುಂಟು.

ಪುಸ್ತಕಕ್ಕೆ ಬೇರೆ ಅಳತೆ. ಪರಿವಿಡಿ, ಪ್ರಕಟಣೆಯ ವರ್ಷ ನೋಡಿ, ನಡುವಿನ ಒಂದು ಚಟುವಟಿಕೆಯನ್ನು ಗಡಿಯಾರ ಇಟ್ಟುಕೊಂಡು ಮಾಡಿ. 40 ನಿಮಿಷದ್ದೆಂದು ಬರೆದದ್ದರಲ್ಲಿ ಲಾಗಿನ್‌ಗೇ 15 ಹೋದರೆ ಅದನ್ನೇ ಹೇಳಿ. 'ಇಲ್ಲಿ ಒತ್ತಿ, ಅಲ್ಲಿ ಒತ್ತಿ' ಎಂಬ ಪರದೆಚಿತ್ರಗಳೇ ತುಂಬಿದ ಪುಸ್ತಕ ಮುಂದಿನ ಅಪ್‌ಡೇಟ್‌ಗೆ ರದ್ದಿ. ಆ್ಯಪ್‌ನ ಹೆಸರನ್ನು ಹೊಡೆದುಹಾಕಿದ ಮೇಲೂ ಚಟುವಟಿಕೆ ನಡೆಯುವಂತಿದ್ದರೆ ಕೊಳ್ಳಲು ಹೇಳಿ.

ವಿಮರ್ಶೆಯ ಕೆಳಗೆ ಆ್ಯಪ್‌ನ ಆವೃತ್ತಿ ಸಂಖ್ಯೆ, ಯಾವ ಫೋನು, ಯಾವ ತಿಂಗಳಲ್ಲಿ ನೋಡಿದ್ದು ಎಂದು ನಮೂದಿಸಿ. ಪುಕ್ಕಟೆ ಪ್ರತಿ ಸಿಕ್ಕಿದ್ದರೆ ಅದನ್ನೂ.