ವಿಕಿಪೀಡಿಯದಲ್ಲಿ ವಿಜ್ಞಾನಿ ಮಹಿಳೆಯರ ಪುಟ: ನೀವೂ ಬರೆಯಬಹುದು

2018ರ ಅಕ್ಟೋಬರ್ 2ರಂದು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ ಭೌತವಿಜ್ಞಾನದ ನೊಬೆಲ್ ಪ್ರಕಟವಾಯಿತು. ಆ ಬೆಳಿಗ್ಗೆಯವರೆಗೂ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಪುಟವೇ ಇರಲಿಲ್ಲ! ಯಾರೋ ಕರಡು ಬರೆದು ಕೊಟ್ಟಿದ್ದರು. ಆಧಾರ ಸಾಲದು ಎಂದು ಮೇ ತಿಂಗಳಲ್ಲಿ ಅದು ವಾಪಸ್ಸಾಗಿತ್ತು. ನೊಬೆಲ್ ತಂದುಕೊಟ್ಟ ಲೇಸರ್ ಸಂಶೋಧನೆ ಪ್ರಕಟವಾಗಿದ್ದು 1985ರಲ್ಲಿ.

ಹಾಗಾಗಿ ಮೊದಲ ಕೆಲಸ ಬರೆಯುವುದಲ್ಲ, ಆಧಾರ ಹುಡುಕುವುದು. ವಿಜ್ಞಾನಿಯ ಸ್ವಂತ ಪ್ರಬಂಧಗಳು, ಅವರ ಸಂಸ್ಥೆಯ ವೆಬ್‌ಸೈಟು ಸಾಲುವುದಿಲ್ಲ. ಅವರ ಬಗ್ಗೆ ಬೇರೆಯವರು ಬರೆದಿರಬೇಕು: ಪತ್ರಿಕಾ ಲೇಖನ, ಪುಸ್ತಕ, ವಿಜ್ಞಾನ ಅಕಾಡೆಮಿಗಳ ಸ್ಮರಣ ಲೇಖನ. ಇಂಥ ಎರಡು ಮೂರು ಗಟ್ಟಿ ಆಧಾರ ಕೈಗೆ ಸಿಗುವವರೆಗೆ ಕಾಯಿರಿ.

ಆಮೇಲೆ ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆದು, ಹೆಸರು ಹುಡುಕಿ ನೋಡಿ. ಪುಟ ಇದ್ದರೆ ಅದನ್ನೇ ಬೆಳೆಸಿ. ಇಲ್ಲದಿದ್ದರೆ ನಿಮ್ಮ ಪ್ರಯೋಗಪುಟದಲ್ಲಿ (ಖಾತೆಯ ಜೊತೆ ಸಿಗುವ ಅಭ್ಯಾಸದ ಪುಟ) ಶುರುಮಾಡಿ.

ಬರೆಯುವಾಗ ಕೆಲಸಕ್ಕೆ ಮೊದಲ ಜಾಗ ಕೊಡಿ. ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಅವರನ್ನೇ ತೆಗೆದುಕೊಳ್ಳಿ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಲು ಅವರು ಅಲ್ಲಿನ ನಿರ್ದೇಶಕ ಸಿ.ವಿ. ರಾಮನ್ ಜೊತೆ ಹೋರಾಡಿದ ಕತೆ ಎಲ್ಲರಿಗೂ ಇಷ್ಟ. ಅದು ಇರಲಿ, ಆದರೆ ಪುಟವೆಲ್ಲ ಅದೇ ತುಂಬಬಾರದು. ಸಸ್ಯಕೋಶಗಳಲ್ಲಿ ಸೈಟೊಕ್ರೋಮ್ ಸಿ (ಕೋಶದ ಉಸಿರಾಟಕ್ಕೆ ಬೇಕಾದ ಪ್ರೋಟೀನು) ಇರುವುದನ್ನು ತೋರಿಸಿ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌.ಡಿ. ಪಡೆದರು, ಮುಂದೆ ತಾಳೆ ಜಾತಿಯ ಮರಗಳಿಂದ ಇಳಿಸುವ 'ನೀರಾ' ಪಾನೀಯದ ಪೋಷಕಾಂಶಗಳನ್ನು ಪರೀಕ್ಷಿಸಿದರು. ಅದನ್ನು ಬಿಡಿಸಿ ಹೇಳಿ. ರಾಜೇಶ್ವರಿ ಚಟರ್ಜಿ ಅವರ ಪುಟದಲ್ಲೂ ಅಷ್ಟೇ. ಮೈಕ್ರೋವೇವ್ ಎಂಜಿನಿಯರಿಂಗ್ ಮೊದಲು, ಪತಿಯ ಹುದ್ದೆ ಆಮೇಲೆ. ಗಂಡು ವಿಜ್ಞಾನಿಯ ಪುಟದಲ್ಲಿ ಹೆಂಡತಿಯ ಉದ್ಯೋಗದಿಂದ ಶುರುಮಾಡುತ್ತೇವಾ? ಇಲ್ಲ ಅಲ್ವಾ.

ಪ್ರತಿ ಮುಖ್ಯ ಮಾಹಿತಿಗೂ ಅಲ್ಲೇ ಉಲ್ಲೇಖ ಸೇರಿಸಿ. "ಮಹಾನ್", "ಅಪ್ರತಿಮ" ಎಂಬಂಥ ಹೊಗಳಿಕೆ ಬೇಡ. ಇಂಗ್ಲಿಷ್ ಪುಟವನ್ನು ಯಂತ್ರಕ್ಕೆ ಕೊಟ್ಟು ಬಂದ ಕನ್ನಡವನ್ನು ಸುಮ್ನೆ ಅಂಟಿಸಬೇಡಿ, ಓದುವ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಪತ್ರಿಕೆಯ ಫೋಟೊ ಹಾಕುವಂತಿಲ್ಲ. ನೀವೇ ತೆಗೆದದ್ದಿದ್ದರೆ ವಿಕಿಪೀಡಿಯದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ನಿಮ್ಮ ಅತ್ತೆಯೋ ಗೈಡೋ ವಿಜ್ಞಾನಿಯಾಗಿದ್ದರೆ ಆ ಪುಟ ಬೇರೆಯವರು ಬರೆಯಲಿ.

ಪ್ರಕಟಿಸಿದ ಮೇಲೆ ಒಂದು ಕೆಲಸ ಜಾಸ್ತಿ ಜನ ಮರೆಯುತ್ತಾರೆ. ಸಂಸ್ಥೆ, ಊರು, ವಿಷಯದ ಪುಟಗಳಿಂದ ಹೊಸ ಪುಟಕ್ಕೆ ಕೊಂಡಿ ಕೊಡಿ. ಇಲ್ಲದ ಪುಟದ ಕೊಂಡಿ ಕೆಂಪು, ಇರುವ ಪುಟದ್ದು ನೀಲಿ. 2015ರಲ್ಲಿ ಶುರುವಾದ 'ವಿಮೆನ್ ಇನ್ ರೆಡ್' ಗುಂಪಿನ ಸ್ವಯಂಸೇವಕರು ಮಾಡುತ್ತಿರುವುದು ಆ ಕೆಂಪನ್ನು ನೀಲಿಯಾಗಿಸುವ ಕೆಲಸವನ್ನೇ.

ಯಾರಾದರೂ ಅಳಿಸುವ ಸೂಚನೆ ಹಾಕಿದರೆ ಜಗಳ ಬೇಡ. ಚರ್ಚೆ ಪುಟದಲ್ಲಿ ಆಧಾರ ತೋರಿಸಿ. ಗೊಂದಲವಿದ್ದರೆ ಕನ್ನಡ ವಿಕಿಪೀಡಿಯದ ಸಂಪಾದಕರೆಲ್ಲ ಮಾತಾಡುವ 'ಅರಳಿ ಕಟ್ಟೆ' ಪುಟದಲ್ಲಿ ಕೇಳಿ.