ಹಳೆಯ ಸಿಮೆಂಟ್ ಪತ್ರಾ ಇಳಿಸುವಾಗ: ಅಂಗಳದ ಮಣ್ಣು ಮತ್ತು ನೀರನ್ನು ಕಲ್ನಾರಿನಿಂದ ಕಾಪಾಡುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಮನೆ, ಕೊಟ್ಟಿಗೆಗಳ ಹಳೆಯ ಸಿಮೆಂಟ್ ಪತ್ರಾಗಳನ್ನು (ಶೀಟುಗಳನ್ನು) ಬದಲಿಸುವ ಕೆಲಸ ಹೆಚ್ಚಾಗಿ ಮಳೆಗಾಲಕ್ಕೆ ಮುಂಚೆ, ಏಪ್ರಿಲ್–ಮೇ ತಿಂಗಳ ಒಣಗಾಳಿಯಲ್ಲೇ ನಡೆಯುತ್ತದೆ. ಕಲ್ನಾರಿನ (ಆಸ್ಬೆಸ್ಟಾಸ್) ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಪತ್ರಾದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಆಸ್ಬೆಸ್ಟಾಸ್ ನಾರು ಇರುತ್ತದೆ. ಗಟ್ಟಿಯಾಗಿರುವವರೆಗೆ ಸಿಮೆಂಟು ಅದನ್ನು ಹಿಡಿದಿಟ್ಟಿರುತ್ತದೆ, ಆದರೆ ದಶಕಗಳ ಬಿಸಿಲು ಮಳೆಗೆ ಮೇಲ್ಪದರ ಸವೆದು ನಾರು ಸಡಿಲಾಗುತ್ತದೆ. ಸೂರಿನ ನೀರು ಬೀಳುವ ಗೆರೆಯಲ್ಲಿ ಆ ನಾರು ಮಣ್ಣಿಗೆ ಸೇರುತ್ತದೆ. ಅದು ಕೊಳೆಯುವುದಿಲ್ಲ, ನೀರಿನಲ್ಲಿ ಕರಗುವುದೂ ಇಲ್ಲ. ಮಣ್ಣು ಒದ್ದೆಯಿರುವಾಗ ಸುಮ್ಮನಿದ್ದು, ಒಣಗಿದ ಮೇಲೆ ಪೊರಕೆಗೋ ಗಾಳಿಗೋ ಮೇಲೆದ್ದು ಉಸಿರಿನೊಳಗೆ ಹೋದಾಗಲೇ ನಿಜವಾದ ಅಪಾಯ.

ಆದ್ದರಿಂದ ಸಾಧ್ಯವಿದ್ದರೆ ಮಳೆಗಾಲ ಮುಗಿದು ನೆಲದಲ್ಲಿ ಇನ್ನೂ ಹಸಿಯಿರುವಾಗ, ಗಾಳಿ ಬೀಸದ ಮುಂಜಾನೆಯಲ್ಲಿ ಕೆಲಸ ಇಟ್ಟುಕೊಳ್ಳಬೇಕು. ಆಸ್ಬೆಸ್ಟಾಸ್ ಇಲ್ಲದ ಪತ್ರಾಗಳೂ ಮಾರುಕಟ್ಟೆಯಲ್ಲಿವೆ, ಆದರೆ ಕಣ್ಣಿನಿಂದ ನೋಡಿ ಬೇರ್ಪಡಿಸಲಾಗದು. ಹಳೆಯ ಪತ್ರಾ ಎಂದರೆ ಕಲ್ನಾರೇ ಎಂದು ತಿಳಿದು ನಡೆಯುವುದು ಕ್ಷೇಮ. ಮೊದಲು ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರನ್ನು ಸಣ್ಣ ಹನಿಯಾಗಿ ಸಿಂಪಡಿಸಿ ಪತ್ರಾವನ್ನು ಪೂರ್ತಿ ತೋಯಿಸಬೇಕು. ಒತ್ತಡದ ಪೈಪಿನಿಂದ ತೊಳೆಯುವುದು, ಬ್ರಷ್‌ನಿಂದ ಪಾಚಿ ಕೆರೆಯುವುದು, ಕಟರ್ ಅಥವಾ ಡ್ರಿಲ್ ಹಚ್ಚುವುದು ಕೂಡದು. ತುಕ್ಕು ಹಿಡಿದ ಜೆ-ಹುಕ್ ಬಿಚ್ಚದಿದ್ದರೆ ಪತ್ರಾವನ್ನು ಬಡಿದು ಒಡೆಯುವುದು ನಮ್ಮಲ್ಲಿ ರೂಢಿ. ಬದಲಿಗೆ ಕೊಕ್ಕೆಯನ್ನೇ ಕತ್ತರಿಸಿ, ಪತ್ರಾವನ್ನು ಇಡಿಯಾಗಿ ಇಬ್ಬರು ಹಿಡಿದು ಇಳಿಸಬೇಕು. ಹಳೆಯ ಪತ್ರಾದ ಮೇಲೆ ಕಾಲಿಟ್ಟರೆ ಮುರಿದು ಬೀಳುವ ಭಯವೂ ಇದೆ, ಹಲಗೆ ಹಾಸಿಯೇ ಹತ್ತಬೇಕು. ಬಾಯಿಗೆ ಟವೆಲ್ ಸುತ್ತಿಕೊಂಡರೆ ಸಾಲದು. ಅತಿ ಸೂಕ್ಷ್ಮ ಧೂಳನ್ನು ತಡೆಯುವ ಎಫ್‌ಎಫ್‌ಪಿ3 ಅಥವಾ ಪಿ100 ದರ್ಜೆಯ ಮಾಸ್ಕ್ ಬೇಕು.

ಇಳಿಸಿದ ಪತ್ರಾಗಳನ್ನು ದಪ್ಪ ಪಾಲಿಥಿನ್‌ನಲ್ಲಿ ಎರಡು ಸುತ್ತು ಸುತ್ತಿ ಟೇಪು ಹಚ್ಚಿ, ಎಲ್ಲಿಗೆ ಕಳಿಸಬೇಕೆಂದು ನಗರಸಭೆ ಅಥವಾ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಬೇಕು. ತುಂಡುಗಳನ್ನು ಓಣಿಯ ತಗ್ಗಿಗೆ ಹಾಕಿ ಸಮ ಮಾಡುವುದು, ಹೊಲದ ಬದುವಿಗೆ ನೆಡುವುದು, ಒಲೆಗೆ ಮರೆಯಾಗಿಡುವುದು ಇವೆಲ್ಲ ಕಲ್ನಾರನ್ನು ಊರಿಗೇ ಹಂಚಿದಂತೆ. ಕಾದ ಪತ್ರಾ ಸಿಡಿಯುವುದೂ ಉಂಟು.

ಅಂಗಳದ ಮಣ್ಣನ್ನು ಗುಡಿಸಬಾರದು. ನೀರು ಚಿಮುಕಿಸಿ, ಚೂರುಗಳನ್ನು ಕೈಗವಸು ಹಾಕಿ ಆರಿಸಿ, ಸೂರಿನ ಗೆರೆಯ ಮೇಲ್ಮಣ್ಣನ್ನು ಹಸಿಯಾಗಿಯೇ ಕೆರೆದು ಚೀಲಕ್ಕೆ ತುಂಬಿ, ಮೇಲೆ ಗೇಣುದ್ದ ಮುರುಮ (ಗರಸು ಮಣ್ಣು) ಹಾಕಿ ಗಟ್ಟಿಸಬೇಕು ಅಥವಾ ಶಹಾಬಾದ್ ಫರಸಿ ಹಾಸಬೇಕು. ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು ಬಾಯಿಬಿಡುವುದರಿಂದ ಬರೀ ಎರೆಮಣ್ಣು ಮುಚ್ಚಿದರೆ ಪ್ರಯೋಜನವಿಲ್ಲ. ಕೆಲಸದ ಬಟ್ಟೆಯನ್ನು ಝಾಡಿಸದೆ, ಬೇರೆಯಾಗಿ ನೆನೆಸಿ ಒಗೆಯಬೇಕು.

ನೀರಿನ ವಿಷಯದಲ್ಲಿ ಭಯ ಸ್ವಲ್ಪ ಕಡಿಮೆ. ಕಲ್ನಾರು ಬೆರೆತ ನೀರು ಕುಡಿದರೆ ಕ್ಯಾನ್ಸರ್ ಬರುತ್ತದೆ ಎಂಬುದು ಉಸಿರಾಟದ ಅಪಾಯದಷ್ಟು ಖಚಿತವಾಗಿ ಸಿದ್ಧವಾಗಿಲ್ಲ. ಆದರೂ ಅಮೆರಿಕದಲ್ಲಿ ಲೀಟರಿಗೆ 70 ಲಕ್ಷ ಉದ್ದನೆಯ ನಾರುಗಳ ಮಿತಿ ಹಾಕಿದ್ದಾರೆ. ಪತ್ರಾದಿಂದ ಇಳಿದ ಮಳೆನೀರನ್ನು ಕುಡಿಯಲು ಹಿಡಿಯಬಾರದು. ಕುದಿಸಿದರೆ ನಾರು ಹೋಗುವುದಿಲ್ಲ, ಸೂಕ್ಷ್ಮ ಫಿಲ್ಟರ್ ಅಥವಾ ಆರ್‌ಓ ಬೇಕು. ಕಲ್ನಾರು ಬೆರೆಸಿ ಮಾಡಿದ ಹಳೆಯ ಸಿಮೆಂಟಿನ ನೀರಿನ ಪೈಪುಗಳನ್ನು ಮೆದು, ಆಮ್ಲೀಯ ನೀರು ತಿನ್ನುತ್ತದೆ; ಸುಣ್ಣಗಲ್ಲಿನ ನಾಡಿನ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟಿ ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಪೈಪಿನ ವಿಷಯದಲ್ಲಿ ಹೆಚ್ಚಿನ ಅಪಾಯ ನೀರು ಕುಡಿಯುವವರಿಗಿಂತ, ಒಡೆದ ಪೈಪನ್ನು ಒಣಗರಗಸದಿಂದ ಕೊಯ್ಯುವ ಕೆಲಸಗಾರನಿಗೆ.

ಕಲ್ನಾರಿನಿಂದ ಬರುವ ಆಸ್ಬೆಸ್ಟೋಸಿಸ್ (ಶ್ವಾಸಕೋಶ ಗಟ್ಟಿಯಾಗುವ ರೋಗ), ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೆಸೊಥೆಲಿಯೊಮಾ (ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್) ಸಾಮಾನ್ಯವಾಗಿ 20ರಿಂದ 40 ವರ್ಷಗಳ ನಂತರ ಕಾಣಿಸಿಕೊಳ್ಳುತ್ತವೆ. ಬೀಡಿ, ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾಧ್ಯತೆ ಬಹಳ ಹೆಚ್ಚು. ಹಿಂದೆ ಪತ್ರಾ ಕೊಯ್ಯುವ, ಪೈಪು ಜೋಡಿಸುವ ಕೆಲಸ ಮಾಡಿದವರಿಗೆ ದಮ್ಮು, ಬಿಡದ ಕೆಮ್ಮು ಶುರುವಾದರೆ, ಯಾವ ಕೆಲಸವನ್ನು ಎಷ್ಟು ವರ್ಷ ಮಾಡಿದ್ದೆ ಎಂಬುದನ್ನು ವೈದ್ಯರು ಕೇಳದಿದ್ದರೂ ತಾವಾಗಿಯೇ ಹೇಳಬೇಕು.