ಗ್ರೀಕ್ ದ್ವೀಪದ ಕೊಲ್ಲಿಯಲ್ಲಿ ಹಾಯಿದೋಣಿಗೆ ಲಂಗರು ಹಾಕುವ ಬಗೆ

ಏಜಿಯನ್ ಸಮುದ್ರದಲ್ಲಿ ಬೇಸಿಗೆಯಲ್ಲಿ ಬೀಸುವ ಉತ್ತರದ ಗಾಳಿಯನ್ನು ಗ್ರೀಕರು ಮೆಲ್ತೆಮಿ ಎಂದು ಕರೆಯುತ್ತಾರೆ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಇದರ ಬಿರುಸು ಹೆಚ್ಚು. ಗಾಳಿಯ ಬಿರುಸನ್ನು ಅಳೆಯುವ ಬ್ಯೂಫೋರ್ಟ್ ಮಾಪನದ 7ನ್ನು, ಅಂದರೆ 28ರಿಂದ 33 ನಾಟ್ (ಗಂಟೆಗೆ ಸುಮಾರು 52ರಿಂದ 61 ಕಿಲೋಮೀಟರ್) ವೇಗವನ್ನು, ಮುಟ್ಟಿ ಹಲವು ದಿನ ಬಿಡದೆ ಬೀಸುವುದೂ ಉಂಟು. ಬಾಲ್ಕನ್ ಪ್ರದೇಶದ ಮೇಲಿನ ಅಧಿಕ ಒತ್ತಡಕ್ಕೂ ಟರ್ಕಿಯ ಮೇಲಿನ ಕಡಿಮೆ ಒತ್ತಡಕ್ಕೂ ಇರುವ ಅಂತರವೇ ಇದಕ್ಕೆ ಕಾರಣ. ಆ ಕಡಿಮೆ ಒತ್ತಡವಾದರೋ ನಮ್ಮ ಮುಂಗಾರನ್ನು ಎಳೆದು ತರುವ ಏಷ್ಯಾದ ಒತ್ತಡಕುಸಿತ ಪಶ್ಚಿಮಕ್ಕೆ ಚಾಚಿಕೊಂಡ ಭಾಗ. ಮಲೆನಾಡಿನಲ್ಲಿ ಜಡಿಮಳೆ ಹಿಡಿದಿರುವ ದಿನಗಳಲ್ಲಿಯೇ ಅಲ್ಲಿ ಮೋಡದ ಚೂರೂ ಇಲ್ಲದ ನೀಲಿ ಆಕಾಶದ ಕೆಳಗೆ ಗಾಳಿ ಅಬ್ಬರಿಸುತ್ತಿರುತ್ತದೆ. ಮೋಡ ನೋಡಿ ಗಾಳಿಯನ್ನು ಅಂದಾಜು ಮಾಡುವ ನಮ್ಮ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ಆದ್ದರಿಂದ ಬೆಳಿಗ್ಗೆ ಹೊರಡುವ ಮೊದಲೇ ಗ್ರೀಸಿನ ರಾಷ್ಟ್ರೀಯ ಹವಾಮಾನ ಸೇವೆಯ ಮುನ್ಸೂಚನೆಯನ್ನು ಓದಿ, ಆ ಹೊತ್ತಿನ ಗಾಳಿಗೆ ಮಾತ್ರವಲ್ಲದೆ ಆ ರಾತ್ರಿಯ ಮತ್ತು ಮರುದಿನದ ಗಾಳಿಗೂ ಹೊಂದುವ ಕೊಲ್ಲಿಯನ್ನು ಆರಿಸಿಕೊಳ್ಳಬೇಕು.

ಉತ್ತರದ ಗಾಳಿಗೆ ದಕ್ಷಿಣಕ್ಕೆ ತೆರೆದ ಕೊಲ್ಲಿ ಎಂಬುದು ಸರಳ ಲೆಕ್ಕ. ಆದರೆ ಹೊಸಬರು ಇದೇ ಲೆಕ್ಕದಲ್ಲಿ ಎಡವುತ್ತಾರೆ. ನಕ್ಷೆಯಲ್ಲಿ ಎತ್ತರದ ಬೆಟ್ಟದ ಬುಡದಲ್ಲಿರುವ ಕೊಲ್ಲಿ ಅತ್ಯಂತ ಸುರಕ್ಷಿತವೆಂದು ತೋರುತ್ತದೆ. ವಾಸ್ತವದಲ್ಲಿ ಬೆಟ್ಟವನ್ನು ಏರಿ ಬಂದ ಗಾಳಿ ಈಚೆ ಬದಿಯ ಇಳಿಜಾರಿನಲ್ಲಿ ಜಾರಿ, ತೆರೆದ ಸಮುದ್ರದ ಗಾಳಿಗಿಂತಲೂ ಬಿರುಸಾಗಿ ದೋಣಿಯ ಮೇಲೆ ಬೀಳುತ್ತದೆ. ಅದೂ ಒಂದೇ ದಿಕ್ಕಿನಿಂದಲ್ಲ, ಕ್ಷಣಕ್ಕೊಂದು ಕಡೆಯಿಂದ. ನಾಕ್ಸೋಸ್ ದ್ವೀಪದ ಝಾಸ್ ಬೆಟ್ಟ 1,000 ಮೀಟರಿಗೂ ಎತ್ತರವಾಗಿದೆ. ಆಂಡ್ರೋಸ್ ಮತ್ತು ಅಮೋರ್ಗೋಸ್ ದ್ವೀಪಗಳೂ ಕಡಿದಾದ ಬೆಟ್ಟಗಳವು. ಇಂಥ ದ್ವೀಪಗಳ ಮರೆಯಲ್ಲಿ ಸಮುದ್ರ ಸಮತಟ್ಟಾಗಿದ್ದರೂ ಗಾಳಿ ಶಾಂತವಾಗಿರುತ್ತದೆಂದು ನಂಬಬಾರದು. ಇದಕ್ಕೆ ಹೋಲಿಸಿದರೆ ತಗ್ಗು ನೆಲದ ಮರೆಯೇ ಎಷ್ಟೋ ಮೇಲು. ಕಿತ್ನೋಸ್ ದ್ವೀಪದ ಕೊಲೋನಾದಲ್ಲಿ ಅಗಿಯೋಸ್ ಲೂಕಾಸ್ ಎಂಬ ಪುಟ್ಟ ದ್ವೀಪವನ್ನು ಕಿರಿದಾದ ಮರಳದಿಬ್ಬವೊಂದು ದೊಡ್ಡ ದ್ವೀಪಕ್ಕೆ ಜೋಡಿಸುತ್ತದೆ, ಅದರ ಎರಡೂ ಬದಿಗಳಲ್ಲಿ ಕೊಲ್ಲಿಗಳಿವೆ. ಮರಳಿನ ದಿಬ್ಬ ಗಾಳಿಯನ್ನು ತಡೆಯುವುದಿಲ್ಲ, ಅಲೆಗಳನ್ನು ಮಾತ್ರ ತಡೆಯುತ್ತದೆ. ಒಂದೇ ದಿಕ್ಕಿನಿಂದ ಸಮನಾಗಿ ಬೀಸುವ ಗಾಳಿಯನ್ನು ಲಂಗರು ಸಹಿಸಿಕೊಳ್ಳುತ್ತದೆ. ದೋಣಿಯನ್ನು ಅತ್ತಿತ್ತ ಜಗ್ಗುವ ಹೊಡೆತ ಅದನ್ನು ಕೀಳುತ್ತದೆ.

ಕೊಲ್ಲಿಯನ್ನು ಮಧ್ಯಾಹ್ನ ಕಳೆಯುವ ಮೊದಲೇ ಸೇರುವುದು ಒಳ್ಳೆಯದು. ಆಗಸ್ಟಿನಲ್ಲಿ ಸಂಜೆಯ ಹೊತ್ತಿಗೆ ಒಳ್ಳೆಯ ಜಾಗಗಳೆಲ್ಲ ತುಂಬಿರುತ್ತವೆ ಎಂಬುದು ಒಂದು ಕಾರಣವಾದರೆ, ನೆತ್ತಿಯ ಮೇಲಿನ ಬಿಸಿಲಿನಲ್ಲಿ ಮಾತ್ರ ನೀರಿನ ತಳ ಚೆನ್ನಾಗಿ ಕಾಣುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. ಗ್ರೀಸಿನ ನೀರು ತಿಳಿಯಾಗಿರುವುದರಿಂದ ಹತ್ತು ಮೀಟರ್ ಆಳದ ತಳವನ್ನೂ ದೋಣಿಯ ಮೂತಿಯಲ್ಲಿ ನಿಂತೇ ನೋಡಬಹುದು. ತಿಳಿ ಹಸಿರಾಗಿ ಹೊಳೆಯುವ ತೇಪೆಗಳು ಮರಳು, ಕಡುನೀಲಿಯಾಗಿ ಕಾಣುವವು ಬಂಡೆ ಅಥವಾ ಪೊಸಿಡೋನಿಯ ಎಂಬ ಕಡಲಹುಲ್ಲು. ಹುಲ್ಲಿನ ಮೇಲೆ ಲಂಗರು ಬಿಡಲೇಬಾರದು. ಅದರ ದಟ್ಟ ಬೇರುಗಳ ಹಾಸನ್ನು ಭೇದಿಸಲಾಗದೆ ಲಂಗರು ಮೇಲೆಮೇಲೆ ಜಾರುತ್ತದೆ, ಇಲ್ಲವೇ ಒಂದು ಹಿಡಿ ಹುಲ್ಲನ್ನು ಕಚ್ಚಿಕೊಂಡು ಸಿಕ್ಕಿದಂತೆ ನಟಿಸಿ ನಡುರಾತ್ರಿ ಬಿಟ್ಟುಕೊಡುತ್ತದೆ. ಅಲ್ಲದೆ ಇದು ಸಂರಕ್ಷಿತ ಸಸ್ಯ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹರಡುವ ಇದರ ಹಾಸನ್ನು ಲಂಗರಿನ ಒಂದು ಸರಪಳಿ ಒಂದೇ ರಾತ್ರಿಯಲ್ಲಿ ಕಿತ್ತುಹಾಕಬಲ್ಲದು. ಈಜುವವರಿಗಾಗಿ ತೇಲುಬುರುಡೆಗಳಿಂದ ಗುರುತಿಸಿದ ಜಾಗದೊಳಗೂ, ನೀರಿನಡಿಯ ಕೇಬಲ್ ಇದೆಯೆಂದು ದಡದಲ್ಲಿ ಫಲಕ ಹಾಕಿರುವೆಡೆಯೂ ಲಂಗರು ಬಿಡಬಾರದು.

ಸರಪಳಿಯ ಉದ್ದವನ್ನು ನೀರಿನ ಮೇಲ್ಮೈಯಿಂದಲ್ಲ, ದೋಣಿಯ ಮೂತಿಯಿಂದ ಲೆಕ್ಕ ಹಾಕಬೇಕು. ನೀರಿನ ಆಳ 6 ಮೀಟರ್, ನೀರಿನಿಂದ ಮೂತಿಯ ಎತ್ತರ 1 ಮೀಟರ್ ಎಂದಾದರೆ ಒಟ್ಟು 7 ಮೀಟರ್. ಸಾಧಾರಣ ಗಾಳಿಗೆ ಅದರ ಐದು ಪಟ್ಟು, ಅಂದರೆ 35 ಮೀಟರ್ ಸರಪಳಿ ಬೇಕು. ಮೆಲ್ತೆಮಿಯ ಸೂಚನೆ ಇದ್ದರೆ ಏಳು ಪಟ್ಟು, ಅಂದರೆ 49 ಮೀಟರ್. ಗಾಳಿಯ ವೇಗ ಇಮ್ಮಡಿಯಾದರೆ ದೋಣಿಯ ಮೇಲಿನ ಒತ್ತಡ ನಾಲ್ಮಡಿಯಾಗುತ್ತದೆ ಎಂಬುದನ್ನು ನೆನಪಿಟ್ಟರೆ ಸರಪಳಿಯಲ್ಲಿ ಜಿಪುಣತನ ತೋರಲು ಮನಸ್ಸು ಬಾರದು. ಆಳಸೂಚಕವು ಕೀಲಿನ (ದೋಣಿಯ ತಳದಿಂದ ಕೆಳಕ್ಕೆ ಚಾಚಿದ ಭಾಗದ) ಕೆಳಗಿನ ಆಳವನ್ನು ತೋರಿಸುತ್ತದೆಯೋ ನೀರಿನ ಮೇಲ್ಮೈಯಿಂದ ತೋರಿಸುತ್ತದೆಯೋ ಎಂಬುದನ್ನು ದೋಣಿ ಬಾಡಿಗೆಗೆ ಪಡೆದ ದಿನವೇ ಕೇಳಿ ತಿಳಿದಿರಬೇಕು. ನಮ್ಮ ಕರಾವಳಿಯ ಉಬ್ಬರವಿಳಿತ ಕಂಡವರಿಗೆ ಇಲ್ಲೊಂದು ಸಮಾಧಾನವಿದೆ: ಗ್ರೀಸಿನ ಬಹುತೇಕ ಕಡೆ ನೀರಿನ ಏರಿಳಿತ ಅತ್ಯಲ್ಪವಾದ್ದರಿಂದ ಅದನ್ನು ಈ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ.

ಈಗ ಲಂಗರು ಬಿಡುವ ಕ್ರಮ. ಚುಕ್ಕಾಣಿ ಹಿಡಿದವರೂ ಮೂತಿಯಲ್ಲಿ ನಿಂತವರೂ ಮೊದಲೇ ಕೈಸನ್ನೆಗಳನ್ನು ಗೊತ್ತು ಮಾಡಿಕೊಳ್ಳಬೇಕು, ಏಕೆಂದರೆ ಗಾಳಿಯಲ್ಲಿ ಕೂಗಿದ ಮಾತು ಕೇಳಿಸುವುದಿಲ್ಲ. (ಕೂಗಾಟದಿಂದ ದಾಂಪತ್ಯಕ್ಕೂ ಒಳ್ಳೆಯದಾಗುವುದಿಲ್ಲ.) ಹಾಯಿಗಳನ್ನು ಇಳಿಸಿ, ಎಂಜಿನ್ನಿನ ಬಲದಲ್ಲಿ ಗಾಳಿಗೆ ಎದುರಾಗಿ ನಿಧಾನವಾಗಿ ಸಾಗಿ, ಆರಿಸಿದ ಮರಳಿನ ತೇಪೆಯ ಮೇಲೆ ದೋಣಿಯನ್ನು ಪೂರ್ತಿ ನಿಲ್ಲಿಸಬೇಕು. ಲಂಗರು ತಳ ಮುಟ್ಟಿದ ಮೇಲೆ ಗಾಳಿ ದೋಣಿಯನ್ನು ಹಿಂದಕ್ಕೆ ತಳ್ಳಲು ಬಿಟ್ಟು, ಅದು ಹಿಂದೆ ಸರಿದಷ್ಟೇ ಸರಪಳಿಯನ್ನು ಬಿಡುತ್ತ ಹೋಗಬೇಕು. ಒಮ್ಮೆಲೇ ಸುರಿದರೆ ಸರಪಳಿ ಲಂಗರಿನ ಮೇಲೆಯೇ ರಾಶಿಬಿದ್ದು ಸುತ್ತಿಕೊಳ್ಳುತ್ತದೆ. ಆಳದ ಮೂರು ಪಟ್ಟು ಹೊರಹೋದಾಗ ಎಂಜಿನ್ನನ್ನು ರಿವರ್ಸ್ ಗೇರಿಗೆ ಹಾಕಿ ಮೆಲ್ಲಗೆ ಒಮ್ಮೆ ಎಳೆದರೆ ಲಂಗರಿನ ತುದಿ ಮರಳಿಗೆ ನಾಟಿಕೊಳ್ಳುತ್ತದೆ. ಉಳಿದ ಉದ್ದವನ್ನು ಬಿಟ್ಟ ನಂತರ ರಿವರ್ಸಿನಲ್ಲಿಯೇ ಎಂಜಿನ್ನಿನ ವೇಗವನ್ನು ಹಂತಹಂತವಾಗಿ ಏರಿಸಿ ಅರ್ಧ ನಿಮಿಷವಾದರೂ ಬಲವಾಗಿ ಎಳೆಯಬೇಕು. ಆಗ ಕಣ್ಣು ದಡದ ಮೇಲಿರಲಿ: ಒಂದು ಚರ್ಚಿನ ಗುಮ್ಮಟ, ಅದರ ಹಿಂದಿನ ಒಂದು ಮರ ಇಂಥ ಎರಡು ಗುರುತುಗಳನ್ನು ದೋಣಿಯ ಪಕ್ಕದಿಂದ ಒಂದೇ ಸಾಲಿನಲ್ಲಿ ಹಿಡಿದುಕೊಂಡರೆ, ಅವು ಪರಸ್ಪರ ಸರಿಯದಿರುವತನಕ ಲಂಗರು ಕಚ್ಚಿದೆ ಎಂದರ್ಥ. ಅವು ಸರಿಯುತ್ತಲೇ ಹೋದರೆ ಬೇಸರಿಸದೆ ಎಲ್ಲವನ್ನೂ ಮೇಲೆತ್ತಿ ಮತ್ತೆ ಮೊದಲಿನಿಂದ ಮಾಡಬೇಕು. ಮೂರು ಸಲ ಎತ್ತಿ ಹಾಕಿದವರನ್ನು ನೋಡಿ ನೆರೆಯ ದೋಣಿಯವರು ನಗಲಾರರು. ಒಂದೇ ಸಲ ಹಾಕಿ ಊಟಕ್ಕೆ ದಡಕ್ಕೆ ಹೋದವರ ಬಗ್ಗೆಯೇ ಅವರಿಗೆ ಆತಂಕ.

ಆಮೇಲೆ ಈಜುಕನ್ನಡಕ ಧರಿಸಿ ನೀರಿಗಿಳಿದು ಲಂಗರನ್ನು ಕಣ್ಣಾರೆ ನೋಡಿ ಬರುವುದಕ್ಕಿಂತ ಉತ್ತಮ ಪರೀಕ್ಷೆಯಿಲ್ಲ. ಸರಪಳಿಯ ಭಾರವನ್ನು, ಅದನ್ನು ಇಳಿಸಿ ಎತ್ತುವ ವಿಂಡ್ಲಾಸ್ ಯಂತ್ರದ ಮೇಲೆ ಬಿಡದೆ, ಕೆಲವು ಮೀಟರ್ ಉದ್ದದ ನೈಲಾನ್ ಹಗ್ಗವನ್ನು ಕೊಕ್ಕೆಯಿಂದ ಸರಪಳಿಗೆ ಸಿಕ್ಕಿಸಿ ದೋಣಿಯ ಗಟ್ಟಿ ಗೂಟಕ್ಕೆ ಕಟ್ಟಬೇಕು. ಹಗ್ಗ ಹಿಗ್ಗಿ ಹೊಡೆತವನ್ನು ನುಂಗಿಕೊಳ್ಳುತ್ತದೆ. 35 ಮೀಟರ್ ಸರಪಳಿಯ ಮೇಲೆ ನಿಂತ 12 ಮೀಟರ್ ದೋಣಿ ಗಾಳಿ ತಿರುಗಿದಾಗ ಲಂಗರಿನ ಸುತ್ತ ಸುಮಾರು 45 ಮೀಟರ್ ತ್ರಿಜ್ಯದ ವೃತ್ತವನ್ನು ಆಕ್ರಮಿಸುತ್ತದೆ. ಆ ವೃತ್ತದೊಳಗೆ ಬಂಡೆಯಾಗಲಿ ನೆರೆಯ ದೋಣಿಯಾಗಲಿ ಇರಕೂಡದು.

ಪಶ್ಚಿಮದ ಅಯೋನಿಯನ್ ದ್ವೀಪಗಳಲ್ಲಿ, ಉದಾಹರಣೆಗೆ ಮೆಗಾನಿಸಿಯ ಕೊಲ್ಲಿಗಳಲ್ಲಿ, ದಡದ ಹತ್ತಿರವೇ ನೀರು ಆಳವಾಗಿರುವುದರಿಂದ ಲಂಗರನ್ನು ಮುಂದೆ ಹಾಕಿ ಹಿಂಬದಿಯಿಂದ ದಡದ ಬಂಡೆಗೆ ಉದ್ದ ಹಗ್ಗ ಕಟ್ಟುವ ರೂಢಿಯಿದೆ. ತೇಲುವ ಹಗ್ಗವನ್ನೇ ಬಳಸಿ, ಬಂಡೆಗೆ ಉಜ್ಜುವಲ್ಲಿ ಬಟ್ಟೆ ಸುತ್ತಬೇಕು. ಅಲ್ಲಿ ಮಧ್ಯಾಹ್ನ ವಾಯವ್ಯದಿಂದ ಏಳುವ ಗಾಳಿ ಸಾಮಾನ್ಯವಾಗಿ ಸೂರ್ಯಾಸ್ತದ ಹೊತ್ತಿಗೆ ಅಡಗುತ್ತದೆ. ಆದರೆ ಹೀಗೆ ಕಟ್ಟಿದ ದೋಣಿಗೆ ಪಕ್ಕದಿಂದ ಜೋರು ಗಾಳಿ ಬಿದ್ದರೆ ಅದು ತಿರುಗಿ ನಿಲ್ಲಲಾರದೆ ಪೂರ್ತಿ ಒತ್ತಡವನ್ನು ಲಂಗರಿನ ಮೇಲೆ ಹಾಕುತ್ತದೆ. ಅಂಥ ಸಂದರ್ಭದಲ್ಲಿ ಹಗ್ಗ ಬಿಚ್ಚಿ ಹೊರಡುವುದೇ ಸರಿ.

ಕತ್ತಲಾಗುವ ಮೊದಲು, ಹೊರಹೋಗುವ ದಾರಿಯ ದಿಕ್ಸೂಚಿ ಕೋನವನ್ನು ಬರೆದಿಡಬೇಕು. ರಾತ್ರಿ ಎಲ್ಲ ದಿಕ್ಕಿಗೂ ಕಾಣುವ ಬಿಳಿಯ ದೀಪವನ್ನೂ ಹಗಲಿನಲ್ಲಿ ಕಪ್ಪು ಚೆಂಡಿನ ಗುರುತನ್ನೂ ತೋರಿಸಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ದೋಣಿ ಜಾಗ ಬಿಟ್ಟು ಸರಿದರೆ ಎಚ್ಚರಿಸುವ ಮೊಬೈಲಿನ ಲಂಗರು ಅಲಾರಮ್ಮಿನಲ್ಲಿ ದೋಣಿ ನಿಂತ ಜಾಗವನ್ನಲ್ಲ, ಲಂಗರು ಬಿದ್ದ ಜಾಗವನ್ನು ಕೇಂದ್ರವಾಗಿಡಬೇಕು. ಇಲ್ಲವಾದರೆ ಗಾಳಿ ತಿರುಗಿದಾಗಲೆಲ್ಲ ಅದು ಸುಮ್ಮನೆ ಎಬ್ಬಿಸುತ್ತದೆ, ಮೂರನೆಯ ಸಲಕ್ಕೆ ಯಾರೋ ಅದನ್ನು ಆರಿಸಿಬಿಡುತ್ತಾರೆ. ಲಂಗರು ನಿಜಕ್ಕೂ ಜಾರುತ್ತಿದೆ ಎಂದು ತಿಳಿದೊಡನೆ ಎಂಜಿನ್ ಶುರುಮಾಡಿ, ಹಿಂದೆ ಜಾಗವಿದ್ದರೆ ಇನ್ನಷ್ಟು ಸರಪಳಿ ಬಿಡಬೇಕು, ಇಲ್ಲದಿದ್ದರೆ ಎತ್ತಿಕೊಂಡು ಬರೆದಿಟ್ಟ ದಿಕ್ಕಿನಲ್ಲಿ ಹೊರಬರಬೇಕು. ನೆರವು ಬೇಕಾದರೆ ವಿಎಚ್‌ಎಫ್ ರೇಡಿಯೋದ 16ನೆಯ ಚಾನೆಲ್ಲಿನಲ್ಲಿ ಕರಾವಳಿ ಕಾವಲು ಪಡೆಯನ್ನು ಕರೆಯಬಹುದು.

ಬೆಳಿಗ್ಗೆ ಲಂಗರು ಎತ್ತುವಾಗ ವಿಂಡ್ಲಾಸಿನಿಂದ ದೋಣಿಯನ್ನು ಎಳೆಸಬಾರದು. ಎಂಜಿನ್ನಿನಿಂದ ಮೆಲ್ಲಗೆ ಮುಂದೆ ಸಾಗುತ್ತ, ಸಡಿಲಾದ ಸರಪಳಿಯನ್ನಷ್ಟೇ ಯಂತ್ರ ಒಳಗೆ ತೆಗೆದುಕೊಳ್ಳಲಿ. ನೆರೆಯವರ ಸರಪಳಿ ಸಿಕ್ಕಿಕೊಂಡು ಮೇಲೆ ಬಂದರೆ, ಅದರ ಕೆಳಗೆ ಹಗ್ಗವೊಂದನ್ನು ತೂರಿಸಿ ಎರಡೂ ತುದಿಗಳನ್ನು ದೋಣಿಗೆ ಬಿಗಿದು, ನಮ್ಮ ಲಂಗರನ್ನು ಸ್ವಲ್ಪ ಇಳಿಸಿ ಬಿಡಿಸಿಕೊಂಡ ಮೇಲೆ ಹಗ್ಗದ ಒಂದು ತುದಿಯನ್ನು ಬಿಚ್ಚಿದರೆ ಅವರ ಸರಪಳಿ ತಾನಾಗಿ ತಳಕ್ಕೆ ಮರಳುತ್ತದೆ.